ನಿಂಬೆಹಣ್ಣು ಕೂತ ಸೀಟು

ಹಿಂದಿನ ಸೀಟಿನ ಮೇಲಿಟ್ಟ ನಿಂಬೆಹಣ್ಣು ಒಂದು ಗಳಿಗೆಯೂ ನಿಲ್ಲಲಿಲ್ಲ. ಮುಂದಕ್ಕೆ ಉರುಳಿ ಬಂದು ಟಪ್ಪೆಂದು ಕಾರಿನ ಒಳಗೇ ಕೆಳಕ್ಕೆ ಬಿತ್ತು.

"ನೋಡ್ದೇನ್ಲಾ? ನಿಂಬೆಅಣ್ಣೇ ಕೂರಕ್ಕಾಗಾಕಿಲ್ಲ ಇದ್ರಾಗೆ. ಏಳು ತಿಂಗಳ ಬಸ್ರಿ ಎಂಗ್ಲಾ ಕೂರ್ತಾಳೆ?" ಎಂದಳು ಮುನಿವೆಂಕಟಮ್ಮ. ಹೊರಡುವಾಗ ಚಕ್ರದ ಕೆಳಗಿಟ್ಟು ತುಳಿಸಲೆಂದು ತಂದಿದ್ದ ಹಣ್ಣನ್ನೇ ಅವಳು ಹೀಗೆ ಸಾಕ್ಷಿಗೆ ನಿಲ್ಲಿಸಿದ್ದಳು.

ಮಗ ಮುನಿರಾಜನ ಮುಖ ಸಣ್ಣದಾಯಿತು. ಅವನ ಬಾಡಿಗೆ ಅಂಬಾಸಿಡರ್ ಎಂದರೆ ಮೇಚೇರಿಗೆಲ್ಲ ಗೊತ್ತು. ಬೇರೆಯವರ ಕಾರುಗಳು ನಾಲ್ಕು ಜನ ಹತ್ತಿದರೆ ಸಾಕು, ಹಿಂದೆ ಕುಸಿದು ಮೂತಿ ಮೇಲೆತ್ತುತ್ತಿದ್ದವು. ಇವನು ಸೇಲಂನಿಂದ ಸ್ಪೆಷಲ್ ಸ್ಪ್ರಿಂಗ್ ಪಟ್ಟಿಗಳನ್ನು ತರಿಸಿ ಹಿಂದಿನ ಎರಡು ಚಕ್ರಗಳಿಗೂ ಹಾಕಿಸಿದ್ದ. ಅಂದಿನಿಂದ ಕಾರು ಹಿಂಭಾಗ ಎತ್ತಿಕೊಂಡು, ಗುದ್ದಲು ಬಂದ ಟಗರಿನ ಹಾಗೆ ತಲೆ ತಗ್ಗಿಸಿ ನಿಲ್ಲುತ್ತಿತ್ತು. ಸಂತೆಗೆ ಬಂದವರು ನಿಂತು ನೋಡಿ ಹೋಗುತ್ತಿದ್ದರು. ನೋಡುವವರದೇನು ಗಂಟು ಹೋಯಿತು, ಕಷ್ಟವೆಲ್ಲ ಕೂರುವವರಿಗೆ! ಮುನಿವೆಂಕಟಮ್ಮ ಒಮ್ಮೆ ಬೀಗರ ಎದುರಿಗೇ ಸೀಟಿನಿಂದ ಜಾರಿ ಕೆಳಗೆ ಕೂತಿದ್ದಳು. ಆಮೇಲೆ ಅವಳು ಹತ್ತಿರದ ಮೆಟ್ಟೂರಿಗೂ ಬಸ್ಸಿನಲ್ಲೇ ಹೋಗುತ್ತಿದ್ದಳು.

ಈಗ ಕಂಬೈನಲ್ಲೂರಿನಿಂದ ಮಗಳು ರೋಜಾಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕು. ಅಣ್ಣನೇ ಬಂದು ತಂಗಿಯನ್ನು ತವರಿಗೆ ಕರೆದೊಯ್ಯುವುದು ಅವರ ಮನೆತನದ ಪದ್ಧತಿ. "ನಮ್ಮಣ್ಣನ ಕಾರಾಗೇ ಓಗೋದು" ಎಂದು ರೋಜಾ ಗಂಡನ ಮನೆಯಲ್ಲೆಲ್ಲ ಹೇಳಿಕೊಂಡಿದ್ದಳು. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ ಅಣ್ಣನ ಕಿವಿಗೂ ಹಾಕಿದ್ದಳು.

"ನಾನು ಬಸ್ಸಾಗೇ ಓಗಿ ಬಸ್ಸಾಗೇ ಕರ್ಕಂಡ್ ಬತ್ತೀನಿ. ನೀನು ಕಾರು ಒರಸ್ಕಂಡ್ ಇಲ್ಲೇ ಇರು," ಎಂದು ಮುನಿವೆಂಕಟಮ್ಮ ಚೀಲ ಎತ್ತಿಕೊಂಡಳು.

"ಅಯ್ಯೋ, ತಡಿಯವ್ವ! ರಾಹುಕಾಲಕ್ಕೆ ಇನ್ನೂ ಟೈಮ್ ಐತೆ," ಎಂದು ಮುನಿರಾಜ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ವೆಂಕಟಾಚಲಂನ ವರ್ಕ್‌ಶಾಪಿಗೆ ಕಾರು ಓಡಿಸಿದ.

ಪಟ್ಟಿ ಹಾಕಿಕೊಟ್ಟಿದ್ದವನೂ ಅವನೇ. ನಗುತ್ತಲೇ ಜಾಕಿ ಕೊಟ್ಟು, ಒಂದೊಂದು ಕಡೆಯಿಂದ ಒಂದೊಂದು ಪಟ್ಟಿ ತೆಗೆದ. ಕಾರು ಕೊಂಚ ಇಳಿಯಿತು. ಮುನಿರಾಜ ಅಡ್ಡ ಬಂದ. "ಸಾಕಣ್ಣ, ಪೋದುಂ. ಇನ್ನೂ ತೆಗದ್ರೆ ಎಲ್ಲಾ ಕಾರಂಗೇ ಆಗೋಯ್ತದೆ," ಎಂದ.

ಮುನಿವೆಂಕಟಮ್ಮ ನಿಂಬೆಹಣ್ಣನ್ನು ಮತ್ತೆ ಸೀಟಿನ ಮೇಲಿಟ್ಟಳು. ಅದು ಸ್ವಲ್ಪ ಯೋಚಿಸಿ, ನಿಧಾನವಾಗಿ ಉರುಳಿ ಬಿತ್ತು.

ವೆಂಕಟಾಚಲಂ ಕೈ ಒರೆಸಿಕೊಳ್ಳುತ್ತ ಕೇಳಿದ: "ಲೇ ಮುನಿರಾಜ, ನೀನು ಈ ಕಾರಾಗೆ ಯಾವತ್ತಾನಾ ಇಂದೆ ಕೂತಿದ್ದೀಯಾ?"

"ನಾನ್ಯಾಕಣ್ಣ ಇಂದೆ ಕೂರ್ಲಿ? ಓಡ್ಸೋನು ನಾನು."

"ಇವತ್ತು ಕೂತ್ಕ. ನಾನು ಓಡಿಸ್ತೀನಿ."

ಸಂತೆ ಬೀದಿಯ ಮೊದಲ ಹಳ್ಳಕ್ಕೇ ಮುನಿರಾಜನ ತಲೆ ಕಾರಿನ ಚಾವಣಿಗೆ ಬಡಿಯಿತು. ಎರಡನೆಯದಕ್ಕೆ ಅವನು ಸೀಟಿನಿಂದ ಜಾರಿ, ಮುಂದಿನ ಸೀಟಿನ ಬೆನ್ನಿಗೆ ಹೊಟ್ಟೆ ಒತ್ತಿಕೊಂಡು ನಿಂತ. ಕೈ ತಾನಾಗಿಯೇ ಹೊಟ್ಟೆಗೆ ಅಡ್ಡ ಬಂತು. ತನ್ನ ಹೊಟ್ಟೆಯಲ್ಲಿ ಬೆಳಿಗ್ಗೆ ತಿಂದ ಇಡ್ಲಿ ಬಿಟ್ಟರೆ ಏನೂ ಇಲ್ಲ. ಆದರೆ ರೋಜಾ? ಅವನಿಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ದಿನ ಈ ಸೀಟಿನಲ್ಲಿ ಕೂತು ಬಾಯಿ ಮುಚ್ಚಿಕೊಂಡು ಇಳಿದು ಹೋದವರೆಲ್ಲ ನೆನಪಾಗಿ ನಾಚಿಕೆಯೂ ಆಯಿತು.

"ತಿರುಗ್ಸಣ್ಣ," ಎಂದ. "ಇನ್ನೊಂದು ತೆಗಿ. ಸೇಲಂದು ಒಂದೂ ಬ್ಯಾಡ, ಎಲ್ಲಾ ತೆಗದಾಕು."

ಎಲ್ಲ ತೆಗೆದ ಮೇಲೆ ವೆಂಕಟಾಚಲಂ ತಾಯಿ ಮಗನನ್ನು ಹಿಂದೆ ಕೂರಿಸಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ನೋಡಿದ. "ಉಜ್ಜಾಕಿಲ್ಲ, ಓಗ್ಬನ್ನಿ," ಎಂದ. ಎದುರಿನ ಟೀ ಅಂಗಡಿಯ ಚಿನ್ನಸ್ವಾಮಿ ಸುಮ್ಮನಿರಬೇಕಲ್ಲ! "ಏನ್ಲಾ, ನಿನ್ ಟಗರು ಮಂಡಿ ಊರಿ ಕೂತ್ಬಿಡ್ತಾ?" ಎಂದು ಕೂಗಿದ.

ನಿನ್ನೆಯಾಗಿದ್ದರೆ ಜಗಳವೇ ಆಗುತ್ತಿತ್ತು. ಇವತ್ತು ಮುನಿರಾಜ ನಕ್ಕ. "ಕೂರ್ಲಿ ಬಿಡು. ನಮ್ ತಂಗಚ್ಚಿ ಬತ್ತಾವ್ಳೆ," ಎಂದ.

ಮುನಿವೆಂಕಟಮ್ಮ ಬಾಗಿಲ ಕಡೆಗೆ ಸರಿದು ಕೂತು, ಪಕ್ಕದಲ್ಲಿ ನಿಂಬೆಹಣ್ಣು ಇಟ್ಟಳು. ಅದು ಅಲ್ಲಾಡಲಿಲ್ಲ. ಮುನಿರಾಜ ಇಳಿದು ಬಂದು ಕೈ ಚಾಚಿದ.

"ಕೊಡವ್ವ, ಚಕ್ರಕ್ಕಿಟ್ಟು ಒರಡಾನ. ಒತ್ತಾಯ್ತು."

"ಇದನ್ನ ಮುಟ್‌ಬ್ಯಾಡ. ಚಕ್ರಕ್ಕೆ ಬೇರೆ ತಗಂಬಾ."

"ಯಾಕವ್ವ?"

"ಬಸ್ಸಾಗೆ ಟವಲ್ ಆಕಿ ಜಾಗ ಇಡೀತಾರಲ್ಲ, ಅಂಗೆ. ಇದು ರೋಜಾ ಜಾಗ."

ಟೀ ಅಂಗಡಿಯಿಂದ ಇನ್ನೊಂದು ನಿಂಬೆಹಣ್ಣು ಬಂತು, ಚಕ್ರಕ್ಕೆ ಸಿಕ್ಕಿ ಪಚಕ್ಕೆಂದಿತು, ಕಾರು ಹೊರಟಿತು. ದಾರಿಯುದ್ದಕ್ಕೂ ಹಳ್ಳ ಕಂಡಲ್ಲೆಲ್ಲ ಮುನಿರಾಜ ಬಸುರಿಯೇ ಕೂತಿರುವ ಹಾಗೆ ಮೆತ್ತಗೆ ಇಳಿಸಿ, ಮೆತ್ತಗೆ ಹತ್ತಿಸಿ, ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿಕೊಳ್ಳುತ್ತಿದ್ದ. ಧರ್ಮಪುರಿ ದಾಟುವ ಹೊತ್ತಿಗೆ ಅವ್ವ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಪಕ್ಕದಲ್ಲಿ ನಿಂಬೆಹಣ್ಣು ಇಟ್ಟಲ್ಲೇ ಕೂತಿತ್ತು.