ಬಾಯಿ ಮಾತ್ರ ಆಡಿಸು

ಹನ್ನೊಂದನೆಯ ಪ್ಲಾಸ್ಟಿಕ್ ಲೋಟವೂ ಬಂದು ಹಾಡಿನ ಟೀಚರ್ ಮುಂದೆ ನಿಂತುಬಿಟ್ಟಿತು. ಸುತ್ತ ಕೂತಿದ್ದ ಸಂಗೀತ ಶಿಕ್ಷಕರ ತಾಳ ಅಲ್ಲಿಗೇ ಮುಗ್ಗರಿಸಿತು. ಆಟವೇನೋ ಸುಲಭದ್ದೇ. ಎರಡು ಚಪ್ಪಾಳೆ, ಲೋಟದ ತಲೆಗೊಂದು ಪೆಟ್ಟು, ಆಮೇಲೆ ಅದನ್ನೆತ್ತಿ ಬಲಗಡೆಯವರಿಗೆ ದಾಟಿಸುವುದು. ಏಳು ವರ್ಷದ ಮಕ್ಕಳು ಆಡುವಂಥದ್ದು. ಟೀಚರ್ ಮಾತ್ರ ಚಪ್ಪಾಳೆ ಹೊಡೆಯುವಷ್ಟರಲ್ಲಿ ಲೋಟ ಮರೆಯುತ್ತಿದ್ದರು. ಲೋಟ ಹಿಡಿದರೆ ಬಲ ಯಾವುದು, ಎಡ ಯಾವುದು ಎಂಬುದೇ ಮರೆತುಹೋಗುತ್ತಿತ್ತು.

"ಇನ್ನೊಂದ್ಸಲ," ಎಂದಳು ತರಬೇತಿ ಕೊಡಲು ಬಂದಿದ್ದವಳು. ಮಕ್ಕಳ ಗುಂಪಿಗೆ ಸಂಗೀತ ಕಲಿಸುವುದು ಹೇಗೆಂದು ಎರಡೇ ದಿನದಲ್ಲಿ ಹೇಳಿಕೊಡುವವಳು. ಅವಳ ಹಾಲುಹಲ್ಲು ಬೀಳುತ್ತಿದ್ದ ಕಾಲಕ್ಕೇ ಟೀಚರ್ ಪಾಠ ಶುರುಮಾಡಿದ್ದರು. ಆದರೂ ಬರಲೇಬೇಕಾಗಿತ್ತು. ತರಬೇತಿ ಮುಗಿಸಬೇಕು, ಆಮೇಲೆ ತಾನೇ ಬಂದು ತರಗತಿ ನೋಡುತ್ತೇನೆ, ಒಪ್ಪಿಗೆಯಾಗದಿದ್ದರೆ ಮುಂದಿನ ವರ್ಷ ಮಕ್ಕಳ ಗುಂಪು ಇಲ್ಲ ಎಂದು ಸಂಗೀತ ಶಾಲೆಯ ದೊಡ್ಡ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು.

ಮೂರನೆಯ ಸಲ ಲೋಟ ಕೈ ಜಾರಿ ಹಾರಿ ಪಕ್ಕದ ಪಿಟೀಲು ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು. ತರಬೇತಿಯವಳು ಟೀಚರ್ ಬಳಿ ಬಂದು ಬಗ್ಗಿ, ಬಹಳ ಮೆತ್ತಗೆ ಹೇಳಿದಳು: "ಬೇಜಾರು ಮಾಡ್ಕೋಬೇಡಿ ಟೀಚರ್. ನೀವು ಲೋಟ ಮುಟ್ಟೋದು ಬೇಡ. ಸುಮ್ನೆ ಕೈ ಮಾತ್ರ ಆಡಿಸ್ತಿರಿ. ಯಾರಿಗೂ ಗೊತ್ತಾಗಲ್ಲ."

ಅವಳ ಬೆನ್ನ ಹಿಂದಿನ ಪರದೆಯ ಮೇಲೆ ದಪ್ಪಕ್ಷರಗಳು ಬೆಳಗುತ್ತಿದ್ದವು: ಯಾವ ಮಗುವನ್ನೂ ಹೊರಗಿಡಬೇಡಿ.

ಆಮೇಲೆ ಲೋಟಗಳು ನೀರು ಹರಿದ ಹಾಗೆ ಹರಿದವು. ಎಲ್ಲರೂ ಭೇಷ್ ಅನ್ನಿಸಿಕೊಂಡರು. ಟೀಚರ್ ಅರ್ಧ ಗಂಟೆ ಗಾಳಿಯನ್ನು ಎತ್ತಿ ಗಾಳಿಯನ್ನು ದಾಟಿಸುತ್ತಾ ಕೂತರು. ಕಿವಿ ಬಿಸಿಯಾಯಿತು. ಅವಮಾನಕ್ಕಿಂತ ಹೆಚ್ಚು ಸುಟ್ಟದ್ದು, ಆ ಮಾತು ತನ್ನದೇ ಎಂಬುದು. ಅವರ ಶನಿವಾರದ ತರಗತಿಯಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಇದ್ದಳು. ದನಿ ಎಷ್ಟು ದೊಡ್ಡದೋ ಶ್ರುತಿ ಅಷ್ಟೇ ದೂರ. ಎಲ್ಲರೂ ಅವಳನ್ನು ಗುಡುಗು ಎನ್ನುತ್ತಿದ್ದರು. ವರ್ಷದ ಹಿಂದೆ ಟೀಚರ್ ಅವಳನ್ನು ಪಕ್ಕಕ್ಕೆ ಕರೆದು, "ನೀನು ಬಾಯಿ ಮಾತ್ರ ಆಡಿಸು ಚಿನ್ನ, ಯಾರಿಗೂ ಗೊತ್ತಾಗಲ್ಲ," ಎಂದಿದ್ದರು. ಎಷ್ಟು ನಯವಾಗಿ ಹೇಳಿದೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದರು ಕೂಡ.

"ಹೇಗಿತ್ತೇ ತರಬೇತಿ?" ಎಂದು ಮನೆಯಲ್ಲಿ ಗಂಡ ಕೇಳಿದರು.

"ಲೋಟ ಕಿತ್ಕೊಂಡು ನೀರು ಕುಡಿ ಅಂದ್ರು."

ಗಂಡನಿಗೆ ತಲೆಬುಡ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ನೀರು ತಂದುಕೊಟ್ಟರು.

ಶನಿವಾರ ಹನ್ನೊಂದಕ್ಕೆ ದೊಡ್ಡ ಮೇಡಂ ಬರುವವರಿದ್ದರು. ಇನ್ನು ನೀನೂ ಹಾಡು ಎಂದು ಗುಡುಗಿಗೆ ಮುಂದಿನ ವಾರ ಹೇಳಿದರಾಯಿತು, ಇವತ್ತೊಂದು ದಿನ ಹೇಗೋ ದಾಟಲಿ ಎಂದುಕೊಂಡೇ ಟೀಚರ್ ಹಾಡು ಶುರುಮಾಡಿಸಿದರು. ಮಕ್ಕಳ ಎರಡನೆಯ ಸಾಲಿನಲ್ಲಿ ಗುಡುಗು ಎಲ್ಲರಿಗಿಂತ ಅಗಲವಾಗಿ ಬಾಯಿ ತೆರೆದು, ಕಣ್ಣು ಮುಚ್ಚಿ, ತಲೆದೂಗುತ್ತಾ, ಒಂದಿಷ್ಟೂ ಸದ್ದಿಲ್ಲದೆ ನಿಂತಿದ್ದಳು. ಟೀಚರಿಗೆ ತಡೆಯಲಾಗಲಿಲ್ಲ. ಹಾಡು ನಿಲ್ಲಿಸಿ ಅವಳ ಮುಂದೆ ಮಂಡಿಯೂರಿದರು.

"ಪುಟ್ಟಾ, ಇವತ್ತಿಂದ ನೀನೂ ಗಂಟಲು ಬಿಟ್ಟು ಹಾಡು. ಅವತ್ತು ಹಾಗೆ ಹೇಳಿದ್ದು ನನ್ನದೇ ತಪ್ಪು."

ಗುಡುಗು ಅನುಮಾನದಿಂದ ನೋಡಿದಳು. "ನಾನೊಬ್ಬಳೇನಾ ಮಿಸ್? ಇಲ್ಲಾ ಬಾಯಿ ಆಡಿಸೋರೆಲ್ಲಾ ಹಾಡ್ಬೇಕಾ?"

"ಬಾಯಿ ಆಡಿಸೋರೆಲ್ಲಾ ಅಂದ್ರೆ?"

"ಕೆಲವರಿಗೆ ನಾನೇ ಹೇಳ್ಕೊಟ್ಟೆ ಮಿಸ್. ಗಂಟಲು ನೋಯಲ್ಲ, ಬಾಯಿಪಾಠ ಮಾಡೋದೂ ಬೇಡ. ಮೊದ್ಲು ಈ ಪಕ್ಕದವಳು ಕಲಿತಳು. ಆಮೇಲೆ ಹಿಂದಿನ ಸಾಲು ಪೂರ್ತಿ ಬಂದು ಕೇಳಿದ್ರು."

"ಯಾರ್ಯಾರು, ಕೈ ಎತ್ತಿ ನೋಡೋಣ."

ಮೊದಲು ಎರಡು ಕೈ ಎದ್ದವು. ಅವರನ್ನು ನೋಡಿ ಇನ್ನೈದು. ಬೈಗುಳ ಬೀಳುವುದಿಲ್ಲ ಎಂದು ಖಾತ್ರಿಯಾದ ಮೇಲೆ ಉಳಿದವು. ಇಪ್ಪತ್ತೆರಡು ಮಕ್ಕಳಲ್ಲಿ ಹದಿನೇಳು. ಈ ಗುಂಪು ಹಾಡಿದರೆ ಒಂದೇ ಕಂಠ ಹಾಡಿದ ಹಾಗಿರುತ್ತದೆ ಎಂದು ತಂದೆತಾಯಂದಿರು ಹೊಗಳುತ್ತಿದ್ದರು. ಅವರು ಹೇಳಿದ್ದು ಹೆಚ್ಚುಕಡಿಮೆ ನಿಜವೇ ಆಗಿತ್ತು.

ಟೀಚರ್ ನೆಲದ ಮೇಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗೋಡೆಯ ಗಡಿಯಾರ ನೋಡಿದರು. ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಎದ್ದು ಸೀರೆ ಕೊಡವಿಕೊಂಡು, "ಎಲ್ಲರೂ ಹಾಡಿ," ಎಂದರು.

ಎಲ್ಲರೂ ಹಾಡಿದರು. ಒಬ್ಬ ಅಟ್ಟದ ಮೇಲಿದ್ದರೆ ಇನ್ನೊಬ್ಬಳು ನೆಲಮಾಳಿಗೆಯಲ್ಲಿದ್ದಳು. ಪದ ಬಾರದವರು ತಮಗೆ ಬಂದ ಪದ ಹಾಡಿದರು. ಗುಡುಗು ಒಂದು ವರ್ಷದಿಂದ ಕೂಡಿಟ್ಟಿದ್ದನ್ನೆಲ್ಲ ಒಮ್ಮೆಲೇ ಹೊರಗೆ ಬಿಟ್ಟಳು. ಕಿಟಕಿಯ ಗಾಜು ಝುಂ ಎಂದಿತು. ಸರಿಯಾಗಿ ಹಾಡಬಲ್ಲ ಐದು ಮಕ್ಕಳು ದಿಕ್ಕು ತಪ್ಪಿ, ಕೊನೆಗೆ ತಾವೂ ಕಿರುಚುವುದೇ ಮೇಲೆಂದು ಸೇರಿಕೊಂಡರು.

ಬಾಗಿಲು ದಢಾರನೆ ತೆರೆಯಿತು. ದೊಡ್ಡ ಮೇಡಂ. ಕಂಕುಳಲ್ಲಿ ಕಡತ, ಮುಖದಲ್ಲಿ ಗಾಬರಿ.

"ಏನ್ರೀ ಇದು ಗಲಾಟೆ? ಹೋದ ವರ್ಷ ಇರಲಿಲ್ಲವಲ್ಲ! ಎಲ್ಲಿಂದ ಬಂತು?"

ಮಕ್ಕಳು ನಿಲ್ಲಿಸಲಿಲ್ಲ. ಟೀಚರೂ ನಿಲ್ಲಿಸಿ ಎನ್ನಲಿಲ್ಲ.

"ಮೊದಲಿಂದ್ಲೂ ಇಲ್ಲೇ ಇತ್ತು ಮೇಡಂ," ಎಂದು ಅವರು ಆ ಸದ್ದಿನ ಮೇಲೆ ಕೂಗಿ ಹೇಳಿದರು. "ನಾನೇ ಬಾಯಿ ಮುಚ್ಚಿಸಿದ್ದೆ."

ದೊಡ್ಡ ಮೇಡಂ ಒಂದು ಕಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು.