ಎಲೆ ಟೆಂಪೆ ಮತ್ತು ಇಬ್ಬರು ತುಕಿರನ್

ಜರ್ನಲ್‌ನಿಂದ ಬಂದ ಪತ್ರ ಓದುತ್ತ ಓದುತ್ತ ಪಾಕ್ ತುಕಿರನ್ ಕುರ್ಚಿಯಲ್ಲೇ ಕುಲುಕಾಡಿಕೊಂಡು ನಗತೊಡಗಿದರು. ಎದುರಿನ ಮೇಜಿನಲ್ಲಿ ಕರಿದ ಬಾಳೆಹಣ್ಣು ತಿನ್ನುತ್ತಿದ್ದ ಬು ವಿಂದಾರ್ತಿ ತಲೆಯೆತ್ತಿದರು. ಸಾಲಾತಿಗಾ ಊರಿನ ಕಾಲೇಜಿನಲ್ಲಿ ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಒಂದೇ ಕೋಣೆಯಲ್ಲಿ ಕೂತವರು. ಗಂಡಸರಿಗೆ ಪಾಕ್, ಹೆಂಗಸರಿಗೆ ಬು ಎನ್ನುವುದು ಅಲ್ಲಿಯ ಮರ್ಯಾದೆ. ವಿಂದಾರ್ತಿ ಹೋದ ವರ್ಷ ಪ್ರೊಫೆಸರ್ ಆದರು, ತುಕಿರನ್ ಇನ್ನೂ ಆಗಬೇಕಿತ್ತು.

"ಏನ್ ಪಾಕ್, ಒಬ್ರೇ ನಗ್ತಿದೀರಿ?"

"ಒಂದು ಪ್ರಬಂಧ ಕಳ್ಸಿದಾರೆ ಬು, ಪರಿಶೀಲನೆ ಮಾಡಿ ಒಪ್ಪಿಗೇನೋ ಅಲ್ವೋ ಹೇಳಿ ಅಂತ. ಟೆಂಪೆ ಮಾಡುವಾಗ ಬೇಯಿಸಿದ ಸೋಯಾ ಕಾಳನ್ನ ತೇಗದ ಎಲೇಲಿ ಸುತ್ತಿದ್ರೆ ಪ್ಲಾಸ್ಟಿಕ್‌ಗಿಂತ ಬೇಗ ಹುದುಗುತ್ತಂತೆ. ಬರ್ದಿದಾನೆ ಯಾವನೋ ಪುಣ್ಯಾತ್ಮ."

"ಅದು ನಿಮ್ದಲ್ವಾ? ಹೋದ ತಿಂಗಳು ಕಳ್ಸಿದ್ರಲ್ಲ."

"ನಂದೇ."

ತುಕಿರನ್‌ಗೆ ಹೆತ್ತವರು ಇಟ್ಟದ್ದು ಒಂದೇ ಹೆಸರು. ಜರ್ನಲ್‌ನ ಕಂಪ್ಯೂಟರೋ, ಎರಡನೇ ಹೆಸರು ತುಂಬದೆ ಜಪ್ಪಯ್ಯ ಅಂದರೂ ಮುಂದೆ ಬಿಡುವುದಿಲ್ಲ. ಐದು ವರ್ಷದ ಹಿಂದೆ ಪರಿಶೀಲಕರ ಪಟ್ಟಿಗೆ ಸೇರುವಾಗ ಅಪ್ಪನ ಹೆಸರು ತುರುಕಿ ತುಕಿರನ್ ಕರ್ತೊರೆಜೊ ಆಗಿದ್ದರು. ಹೋದ ತಿಂಗಳು ಪ್ರಬಂಧ ಕಳಿಸುವಾಗ ಅದು ಮರೆತುಹೋಗಿ, ಇದ್ದ ಹೆಸರನ್ನೇ ಎರಡು ಸಲ ಬರೆದು ತುಕಿರನ್ ತುಕಿರನ್ ಆದರು. ಕಂಪ್ಯೂಟರಿನ ಲೆಕ್ಕಕ್ಕೆ ಇವರು ಇಬ್ಬರು. ಬರೆದವರು ಯಾರೆಂದು ಪರಿಶೀಲಕರಿಗೆ ಗೊತ್ತಾಗಬಾರದೆಂದು ಅದು ಹೆಸರು ಅಳಿಸಿ, ಟೆಂಪೆ ಬಲ್ಲವರು ಯಾರಿದ್ದಾರೆಂದು ಹುಡುಕಿ, ತುಕಿರನ್ ಪ್ರಬಂಧವನ್ನು ತುಕಿರನ್‌ಗೇ ಕಳಿಸಿತ್ತು.

"ಸರಿ ಮತ್ತೆ, ಬರೀರಿ," ಎಂದು ವಿಂದಾರ್ತಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೇ ಬಂದರು. "ಮದುವೆ ಗಂಡೂ ನೀವೇ, ಹೆಣ್ಣು ಕೊಡೋರೂ ನೀವೇ. ಬೇಡ ಅನ್ನೋರು ಯಾರು?"

ಇನ್ನು ಹತ್ತು ತಿಂಗಳಿಗೆ ತುಕಿರನ್‌ಗೆ ಅರವತ್ತೈದು ತುಂಬುತ್ತಿತ್ತು. ಅಷ್ಟರೊಳಗೆ ಈ ಒಂದು ಪ್ರಬಂಧ ಅಚ್ಚಾದರೆ ಪ್ರೊಫೆಸರ್, ಇನ್ನೈದು ವರ್ಷ ಕೆಲಸ. ಇಲ್ಲವಾದರೆ ಮನೆ. ಹೆಂಡತಿ ಸುಪಾತ್ಮಿ ಪದವಿ ಸಮಾರಂಭಕ್ಕೆಂದು ಹನ್ನೊಂದು ಮಂದಿ ನೆಂಟರಿಗೆ ಒಂದೇ ಬಣ್ಣದ ಬಟ್ಟೆ ತೆಗೆದು ದರ್ಜಿಗೆ ಕೊಟ್ಟೂ ಆಗಿತ್ತು.

ವಿಂದಾರ್ತಿ ಹೇಳುತ್ತ ಹೋದರು, ತುಕಿರನ್ ಟೈಪ್ ಮಾಡುತ್ತ ಹೋದರು. ಪ್ರಬಂಧ ಅಮೋಘ ಎಂದು ಬರೆದರು. ಟೆಂಪೆ ತಿನ್ನುವ ಇಡೀ ಜನಾಂಗ ಈ ಲೇಖಕರಿಗೆ ಋಣಿ ಎಂದರು. "ಲೇಖಕರು ನೋಡೋಕೂ ಲಕ್ಷಣವಾಗಿರಬಹುದು ಅಂತ ಸೇರಿಸ್ಲಾ ಬು?" ಎಂದು ತುಕಿರನ್ ಕೇಳಿದಾಗ ಇಬ್ಬರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಬರೀ ಹೊಗಳಿದ್ರೆ ಅನುಮಾನ ಬರುತ್ತೆ ಪಾಕ್," ಎಂದರು ವಿಂದಾರ್ತಿ. "ಒಂದು ಚಿಕ್ಕ ಹುಳುಕು ತೋರಿಸ್ಬೇಕು. ಹುಡುಕಿ."

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ತುಕಿರನ್ ಇಷ್ಟು ದಿನ ಅದನ್ನು ಮುದ್ದು ಮಾಡಿದ್ದೇ ಬಂತು, ಹುಳುಕು ಹುಡುಕಲೆಂದು ಓದಿದ್ದು ಇದೇ ಮೊದಲು. ಆರನೇ ಪುಟಕ್ಕೆ ಬರುವಷ್ಟರಲ್ಲಿ ಅವರ ಹುಬ್ಬು ಗಂಟಾಯಿತು.

"ಬು, ಇವನು ಎಲೆ ಟೆಂಪೇನ ಅತ್ತೆ ಮನೇಲಿ ಒಲೆ ಪಕ್ಕ ಇಟ್ಟಿದಾನೆ. ಪ್ಲಾಸ್ಟಿಕ್ಕಿಂದು ಕಾಲೇಜಿನ ಎಸಿ ರೂಮಲ್ಲಿ."

"ಇಟ್ರೆ ಏನೀಗ?"

"ಬೆಚ್ಚಗಿತ್ತು, ಬೇಗ ಹುದುಗ್ತು. ಎಲೆಗೂ ಅದಕ್ಕೂ ಏನ್ ಸಂಬಂಧ? ಯಾವ ಸೀಮೆ ವಿಜ್ಞಾನಿ ಇವನು, ಬುದ್ಧಿ ಬೇಡ್ವಾ?" ಎಂದು ರೇಗಿದ ತುಕಿರನ್‌ಗೆ, ಬೈಸಿಕೊಳ್ಳುತ್ತಿರುವವನು ಯಾರೆಂದು ಆಮೇಲೆ ನೆನಪಾಯಿತು. ಮರುಕ್ಷಣ, ಏನು ಮಾಡಿದರೂ ತಡೆಯಲಾಗದೆ, ಮತ್ತೆ ನಗು ಉಕ್ಕಿ ಬಂತು.

"ಅದನ್ನ ಯಾರು ನೋಡ್ತಾರೆ ಪಾಕ್? ಬಿಟ್ಹಾಕಿ."

"ನಾನು ನೋಡಿಬಿಟ್ನಲ್ಲ."

ಬರೆದಿದ್ದನ್ನೆಲ್ಲ ಅಳಿಸಿದರು. ಸಂಪಾದಕರಿಗೆ ನಾಲ್ಕೇ ಸಾಲು ಬರೆದರು: ಈ ಪ್ರಬಂಧ ನನ್ನದೇ. ನಾನು ಪರಿಶೀಲಿಸುವಂತಿಲ್ಲ. ಇದರಲ್ಲಿ ದೊಡ್ಡ ತಪ್ಪಿದೆ. ದಯವಿಟ್ಟು ವಾಪಸ್ ಕೊಡಿ.

"ಮತ್ತೆ ಪ್ರಯೋಗ ಮಾಡಿ, ಬರೆದು, ಅದು ಅಚ್ಚಾಗೋದ್ರಲ್ಲಿ ನೀವು ಮನೇಲಿರ್ತೀರಿ," ಎಂದರು ವಿಂದಾರ್ತಿ. "ಆ ಹನ್ನೊಂದು ಜನದ ಬಟ್ಟೆ ಏನ್ ಮಾಡ್ತೀರಿ?"

"ಯಾರದಾದ್ರೂ ಮದುವೆಗೆ ಹಾಕ್ಕೊಳ್ಲಿ," ಎಂದು ತುಕಿರನ್ ಪತ್ರ ಕಳಿಸಿಯೇಬಿಟ್ಟರು. ಹೆಂಡತಿಗೆ ಏನು ಹೇಳುವುದೋ ಗೊತ್ತಿರಲಿಲ್ಲ. ಆದರೂ ಪರೀಕ್ಷೆ ಮುಗಿದ ಹುಡುಗನ ಹಾಗೆ ಮೈಯೆಲ್ಲ ಹಗುರ. ವಿಂದಾರ್ತಿಯ ಡಬ್ಬಿಗೆ ತಾವೇ ಕೈಹಾಕಿ ಬಾಳೆಹಣ್ಣು ಎತ್ತಿಕೊಂಡರು.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ತುಕಿರನ್ ಗಟ್ಟಿಯಾಗಿ ಓದಿದರು: "ಒಂದೇ ಹೆಸರಿನವರಿಗೆ ಅವರದೇ ಪ್ರಬಂಧ ಹೋಗಿದ್ದು ನಮ್ಮಲ್ಲಿ ಇದು ಆರನೇ ಸಲ. ಮೊದಲ ಐವರೂ ತಮ್ಮನ್ನು ತಾವೇ ಹೊಗಳಿಕೊಂಡು ಅಚ್ಚಾದರು, ಆಮೇಲೆ ಸಿಕ್ಕಿಬಿದ್ದರು. ತಾವಾಗಿ ಹೇಳಿದವರು ನೀವೊಬ್ಬರೇ."

"ಕೇಳಿದ್ರಾ ಬು? ಐದು ಜನ ಅಂತೆ, ಐದು," ಎಂದು ಅವರು ಮೇಜು ಬಡಿದು ನಕ್ಕರು.

ಪ್ರೊಫೆಸರ್ ವಿಂದಾರ್ತಿಗೂ ಹೆತ್ತವರು ಇಟ್ಟದ್ದು ಒಂದೇ ಹೆಸರು. ಅವರು ಎದ್ದುಹೋಗಿ ಕೋಣೆಯ ಬಾಗಿಲು ಮುಂದೆ ಮಾಡಿ ಬಂದರು.

"ಆರು," ಎಂದರು ಮೆಲ್ಲಗೆ. "ಸಿಕ್ಕಿಬಿದ್ದೋರು ಐದು."