ಸಾಧಾರಣ ಖಾರ

"ಸಕ್ಕರೆ! ನೀರು ಬೇಡ ಬೆನ್, ಸಕ್ಕರೆ ಕೊಡಿ, ಸಕ್ಕರೆ!"

ಹೆಂಗಸರನ್ನೆಲ್ಲ 'ಬೆನ್', ಅಂದರೆ ಅಕ್ಕ, ಎಂದೇ ಕರೆಯುವ ಸೂರತ್ತಿನ ಸಗಟು ವ್ಯಾಪಾರಿ ಹಸಮುಖಭಾಯಿ ಕುರ್ಚಿ ಬಿಟ್ಟೆದ್ದು ಎರಡೂ ಕೈಯಿಂದ ಬಾಯಿಗೆ ಗಾಳಿ ಹಾಕಿಕೊಳ್ಳುತ್ತಿದ್ದರು. ಕಣ್ಣಲ್ಲಿ ನೀರು ಧಾರಾಕಾರ, ಮೂಗೂ ಹಿಂದೆ ಬಿದ್ದಿರಲಿಲ್ಲ. ಅವರ ಮುಂದಿದ್ದ ಆವಕಾಯಿ ಜಾಡಿಯ ಮೇಲಿನ ಚೀಟಿ ಮಾತ್ರ ಏನೂ ಅರಿಯದ ಹಾಗೆ 'ಸಾಧಾರಣ ಖಾರ' ಎನ್ನುತ್ತಿತ್ತು.

ಗುಂಟೂರಿನ ಆ ಉಪ್ಪಿನಕಾಯಿ ಕಾರ್ಖಾನೆಯ ಒಡತಿ ಮಾಣಿಕ್ಯಾಂಬ ಅವರಿಗೆ ಈ ಗಂಡಸಿಗೆ ಏನಾಯಿತೆಂದೇ ತಿಳಿಯಲಿಲ್ಲ. ಅದೇ ಜಾಡಿಗೆ ಬೆರಳು ಅದ್ದಿ ಚಪ್ಪರಿಸಿದರು. "ಇದರಲ್ಲಿ ಖಾರ ಎಲ್ಲಿದೆ ಬಾಬು? ನಮ್ಮ ಕಡೆ ಹಾಲುಹಲ್ಲಿನ ಮಕ್ಕಳು ಬರೀ ಬಾಯಲ್ಲಿ ತಿಂತಾವೆ. ಚೀಟಿ ಸರಿಯಾಗೇ ಇದೆ."

ಕಂಪ್ಯೂಟರಿನ ಹಿಂದೆ ಕೂತಿದ್ದ ಸೊಸೆ ಹೈಮಾ ಕತ್ತು ಚಾಚಿ ಜಾಡಿಯ ಚೀಟಿ ಓದಿದಳು. ಈ ಸೂರತ್ತಿನ ಆರ್ಡರು ಕೈಗೆ ಬಂದರೆ ಆಫೀಸು ಸೊಸೆಯದು, ಬಾರದಿದ್ದರೆ ಮನೆಯಲ್ಲಿ ಕೂತು ಗೋಂಗೂರ ಸೊಪ್ಪು ಬಿಡಿಸುವುದು ಎಂದು ಅತ್ತೆ ಮೊದಲೇ ಹೇಳಿಬಿಟ್ಟಿದ್ದರು. ಬೇಳೆಸಾರಿಗೂ ಬೆಲ್ಲ ಹಾಕುವ ಊರಿನ ಹಸಮುಖಭಾಯಿ ಕೇಳಿದ್ದು ಒಂದೇ ಒಂದು: ಖಾರ ಕಡಿಮೆ ಇರಲಿ.

ಗಂಡ ಕೋಟೇಶು ಮೆಲ್ಲಗೆ ಅವಳ ಕಿವಿಯ ಹತ್ತಿರ ಬಗ್ಗಿದ. "ನೀನು ನಿನ್ನೆ ನನ್ನ ಮ್ಯಾಕ್ರೋನ ಏನೋ ಚೊಕ್ಕ ಮಾಡಿದೆಯಲ್ಲ, ಅದರ ಕೈಚಳಕಾನಾ ಇದು?"

ಚೀಟಿ ಅಚ್ಚಾಗುತ್ತಿದ್ದದ್ದು ಕೋಟೇಶು ಎಕ್ಸೆಲ್‌ನಲ್ಲಿ ಬರೆದಿಟ್ಟಿದ್ದ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಮಿನಿಂದ. ಪ್ರಯೋಗಾಲಯದಿಂದ ಹತ್ತಕ್ಕೆ ಇಷ್ಟು ಎಂದು ಖಾರದ ಅಂಕ ಬರುತ್ತಿತ್ತು. ಒಂದಕ್ಕಿಂತ ಹೆಚ್ಚಿದ್ದರೆ ಸಾಧಾರಣ ಖಾರ, ನಾಲ್ಕಕ್ಕಿಂತ ಹೆಚ್ಚಿದ್ದರೆ ಖಾರ, ಏಳಕ್ಕಿಂತ ಹೆಚ್ಚಿದ್ದರೆ ಮಹಾಖಾರ. ಹೀಗೆ ಒಂದರ ಕೆಳಗೊಂದು ಬಿಡಿಬಿಡಿಯಾದ 'ಇಫ್'ಗಳು, ಅಂದರೆ 'ಹೀಗಿದ್ದರೆ ಹಾಗೆ' ಎನ್ನುವ ಸಾಲುಗಳು. ಯಂತ್ರ ಎಲ್ಲವನ್ನೂ ಓದಿ, ಕೊನೆಗೆ ಒಪ್ಪಿದ್ದನ್ನೇ ಉಳಿಸಿಕೊಳ್ಳುತ್ತಿತ್ತು. ಹೈಮಾ ಅದನ್ನು ನೋಡಿ, "ಇದೇನ್ರೀ ಗೂಡ್ಸ್ ರೈಲು, ಇಫ್ ಹಿಂದೆ ಇಫ್ ಹಿಂದೆ ಇಫ್! ಇಂಥದ್ದಕ್ಕೇ ಅಂತ ಸೆಲೆಕ್ಟ್ ಕೇಸ್ ಇಲ್ವಾ?" ಎಂದು ನಕ್ಕು ಬದಲಾಯಿಸಿದ್ದಳು. ಆದರೆ ಸಾಲುಗಳ ಕ್ರಮವನ್ನು ಹಾಗೇ ಬಿಟ್ಟಿದ್ದಳು. ಸೆಲೆಕ್ಟ್ ಕೇಸಿನ ಸ್ವಭಾವವೇ ಬೇರೆ. ಮೊದಲು ಒಪ್ಪಿದ ಸಾಲೇ ಅದಕ್ಕೆ ತೆರೆದ ಬಾಗಿಲು; ಅಲ್ಲೇ ಒಳಗೆ ನುಗ್ಗುತ್ತದೆ, ಮುಂದಿನ ಬಾಗಿಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಒಂಬತ್ತು ಕೂಡ ಒಂದಕ್ಕಿಂತ ಹೆಚ್ಚೇ ತಾನೆ! ಗೋದಾಮಿನಲ್ಲಿದ್ದ ಅಷ್ಟೂ ಜಾಡಿಗಳು ಒಂದೇ ಬೆಳಗಿನಲ್ಲಿ ಸಾಧಾರಣ ಖಾರವಾಗಿ ಕೂತಿದ್ದವು. ಬೆಳಗ್ಗೆಯಿಂದ ಚೀಟಿ ಅಂಟಿಸಿದ ಹೆಂಗಸರಲ್ಲಿ ಒಬ್ಬರಾದರೂ ಚಕಾರ ಎತ್ತಬೇಡವೇ? ಗುಂಟೂರಿನವರು, ಅವರಿಗೆ ಅದರಲ್ಲಿ ತಪ್ಪೇ ಕಂಡಿರಲಿಲ್ಲ.

"ಏಳನ್ನ ಮೇಲೆ ಹಾಕಿ ಇಳೀತಾ ಬರಬೇಕಿತ್ತು ಕಣ್ರೀ," ಎಂದಳು ಹೈಮಾ, ಬೆವರೊರೆಸಿಕೊಂಡು.

"ನಂದು ಗೂಡ್ಸ್ ರೈಲೇ ಆದ್ರೂ ಊರು ಮುಟ್ಟುತ್ತಿತ್ತು ಮಾರಾಯ್ತಿ."

ಸುಮ್ಮನಿದ್ದರೆ ಬಚಾವು. ಚೀಟಿ ಸರಿಯಿದೆ ಎಂದು ಅತ್ತೆಯೇ ಸಾಕ್ಷಿ ನುಡಿದಾಗಿತ್ತು. ಆದರೆ ಬಾಯಿತುಂಬ ಸಕ್ಕರೆ ತುಂಬಿಕೊಂಡ ಹಸಮುಖಭಾಯಿ ಕೈಚೀಲ ಎತ್ತಿಕೊಂಡು ಬಾಗಿಲ ಕಡೆ ತಿರುಗುತ್ತಿದ್ದರು. ಹೈಮಾ ದಡಕ್ಕನೆ ಎದ್ದು ನಿಂತಳು.

"ಅತ್ತಯ್ಯಾ, ಚೀಟಿ ತಪ್ಪು. ತಪ್ಪು ನನ್ನದೇ. ಅದು ಒಂಬತ್ತು ಅಂಕದ ಜಾಡಿ. ಸಾಲು ಹಿಂದುಮುಂದಾಗಿದೆ. ಮೇಲಿನ ಸಾಲಿಗೇ ಎಲ್ಲಾ ಜಾಡಿಗಳೂ ಸಿಕ್ಕಿಬಿದ್ದಿವೆ."

"ಅಂದ್ರೆ ನನ್ನ ನಾಲಿಗೆ ತಪ್ಪು ಅಂತೀಯಾ?" ಮಾಣಿಕ್ಯಾಂಬ ಸೆರಗು ಸಿಕ್ಕಿಸಿಕೊಂಡರು.

ಹೈಮಾ ಒಳಗೆ ಓಡಿ, ಎರಡು ಅಂಕ ಬಂದಿದ್ದ ಜಾಡಿಯೊಂದನ್ನು ಹುಡುಕಿ ತಂದು ಅತಿಥಿಯ ಮುಂದಿಟ್ಟಳು. ಹಸಮುಖಭಾಯಿ ತಮ್ಮನ್ನು ಒಮ್ಮೆ ಕಚ್ಚಿದ ನಾಯಿಯನ್ನು ನೋಡುವ ಹಾಗೆ ಅದನ್ನು ನೋಡಿದರು. ದೇವರನ್ನು ನೆನೆದು ಕಿರುಬೆರಳ ತುದಿಯಲ್ಲಿ ಮುಟ್ಟಿ ನಾಲಿಗೆಗೆ ಇಟ್ಟರು. ಮತ್ತೊಮ್ಮೆ ಇಟ್ಟರು. ಆಮೇಲೆ ಒಂದು ಹೋಳನ್ನೇ ಎತ್ತಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಆಹಾ! ಇದು ಬೆನ್, ಇದು! ಒಂದು ಲಾರಿ ಪೂರ್ತಿ ಕಳಿಸಿ. ನಮ್ಮಮ್ಮನೂ ತಿಂತಾರೆ ಇದನ್ನ."

ಮಾಣಿಕ್ಯಾಂಬ ಆ ಜಾಡಿಗೂ ಬೆರಳು ಅದ್ದಿದರು. ಮುಖ ಹರಳೆಣ್ಣೆ ಕುಡಿದವರಂತಾಯಿತು. "ಛೀ! ಪಾಯಸಕ್ಕೆ ಸಾಸಿವೆ ಹಾಕಿದ ಹಾಗಿದೆ. ನಮ್ಮ ಕಾರ್ಖಾನೇಲಿ ಇದನ್ನ ಯಾರು ಮಾಡಿದ್ದು?"

"ಮೆಣಸಿನಪುಡಿ ಲಾರಿ ಕೈಕೊಟ್ಟ ದಿನ ಹಾಕಿದ್ದಮ್ಮಾ," ಎಂದ ಕೋಟೇಶು ತಲೆ ಕೆರೆದುಕೊಂಡು. "ಎಸೀಬೇಕು ಅಂತಿದ್ದೆ."

ಹಸಮುಖಭಾಯಿ ಆರ್ಡರಿಗೆ ಸಹಿ ಹಾಕಿ, ಸಕ್ಕರೆ ಡಬ್ಬಿಗೂ ಒಂದು ನಮಸ್ಕಾರ ಮಾಡಿ ಹೊರಟುಹೋದರು. ಮಾಣಿಕ್ಯಾಂಬ ಎರಡೂ ಜಾಡಿಗಳ ಮುಚ್ಚಳ ಬಿಗಿದರು. ಆಮೇಲೆ ಸೊಂಟದಿಂದ ಆಫೀಸಿನ ಬೀಗದ ಕೈ ಬಿಚ್ಚಿ ಸೊಸೆಯ ಮುಂದೆ ಇಟ್ಟರು. "ತಗೋ, ನಾನು ಮಾತಿಗೆ ತಪ್ಪೋಳಲ್ಲ." ಹೈಮಾಳಿಗೆ ಅಳು ಬರುವಷ್ಟು ಸಂತೋಷವಾಯಿತು. ಕೂಡಲೇ ಕೂತು ಸಾಲುಗಳನ್ನು ಸರಿಮಾಡಿದಳು. ಮೊದಲು ಏಳು, ಆಮೇಲೆ ನಾಲ್ಕು, ಆಮೇಲೆ ಒಂದು.

ಅತ್ತೆ ಹಿಂದೆ ಬಂದು ನಿಂತು ಪರದೆಯನ್ನೇ ದಿಟ್ಟಿಸಿದರು. "ಮೇಲಿರೋ ಸಾಲಿಗೇ ಮೊದಲು ಸಿಕ್ಕಿಬೀಳೋದು ಅಂದೆಯಲ್ಲ? ಹಾಗಾದ್ರೆ ಎಲ್ಲಕ್ಕಿಂತ ಮೇಲೆ ಇನ್ನೊಂದು ಸಾಲು ಹಾಕು."

"ಏನಂತ ಅತ್ತಯ್ಯಾ?"

"ಮೂರಕ್ಕಿಂತ ಕಡಿಮೆ ಬಂದದ್ದಕ್ಕೆ ಉಪ್ಪಿನಕಾಯಿ ಅನ್ನಬೇಡ, ನಮ್ಮ ಮನೆತನದ ಹೆಸರೂ ಹಾಕಬೇಡ. ಜಾಮ್ ಅಂತ ಬರಿ."